ಡಬ್ಬಾ ಟಿವಿಯಲ್ಲಿ ದೊಡ್ಡಾಟ

ಕುರುಗೋಡಿನ ಆ ಮನೆಯ ಪಡಸಾಲೆಯಲ್ಲಿದ್ದದ್ದು 21 ಇಂಚಿನ ಡಬ್ಬಾ ಟಿವಿ. ಅದರಲ್ಲಿ ಮೂಡಿಬರಬೇಕಾಗಿದ್ದದ್ದು ಮೊಬೈಲಿನಲ್ಲಿ ಹಿಡಿದ, ರಾತ್ರಿಯಿಡೀ ನಡೆದ ದೊಡ್ಡಾಟ. ಅಜ್ಜಿಗೆ ಮೊಬೈಲಿನಲ್ಲಿ ಆಟ ಇರುವೆಯಷ್ಟು ಕಾಣುತ್ತದೆ. "ಟಿವ್ಯಾಗ ಹಚ್ಚಿಕೊಡಪ್ಪ" ಅಂತ ಹಟ.

ಮನೆಯವರು 64 ಜಿಬಿ ಪೆನ್‌ಡ್ರೈವಿಗೆ ಫೈಲು ಸುರಿದು ಹಳೇ ಡಿವಿಡಿ ಪ್ಲೇಯರಿಗೆ ಚುಚ್ಚಿ ನೋಡಿದ್ದರು. ಡ್ರೈವ್ ಇದೆ ಅಂತಲೇ ಅದಕ್ಕೆ ಗೊತ್ತಾಗಲಿಲ್ಲ. ಡ್ರೈವಿನಲ್ಲಿ ಫೈಲು ಜೋಡಿಸಿಡುವ ರೀತಿಗಳು ಬೇರೆಬೇರೆ, ಅಷ್ಟು ದೊಡ್ಡ ಡ್ರೈವುಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್‌ ಅನ್ನುವ ರೀತಿಯಲ್ಲಿ ಬರುತ್ತವೆ. ಈ ಪ್ಲೇಯರುಗಳು ಓದುವುದು ಫ್ಯಾಟ್32. 8 ಜಿಬಿಯದೊಂದನ್ನು ಫ್ಯಾಟ್32 ಮಾಡಿ ಹಾಕಿದರೆ ಹೆಸರು ಬಂತು, ಚಿತ್ರ ಬರಲಿಲ್ಲ. ವಿಡಿಯೋವನ್ನು ಕುಗ್ಗಿಸಿಡುವ ರೀತಿ ಮೊಬೈಲಿನದು ಎಚ್.264, ಪ್ಲೇಯರಿಗೆ ಗೊತ್ತಿರುವುದು ಎಕ್ಸ್‌ವಿಡ್, ಡಿವ್‌ಎಕ್ಸ್ ಕಾಲದ ಎವಿಐ ಫೈಲು.

ಲ್ಯಾಪ್‌ಟಾಪಿನ ಎಚ್‌ಡಿಎಂಐ ಚಿತ್ರವನ್ನು ಹಳೇ ಟಿವಿಯ ಎವಿ ಪಿನ್ನಿಗೆ ಬದಲಿಸಿಕೊಡುವ ಡಬ್ಬಿ ಹಾಕಿ ನೋಡಿದ್ದೂ ಆಯಿತು. ಚಿತ್ರ ಕಪ್ಪುಬಿಳುಪಾಗಿ ಮೇಲಕ್ಕೆ ಉರುಳುತ್ತಿತ್ತು. ಡಬ್ಬಿಯ ಪಕ್ಕದ ಸ್ವಿಚ್ಚು ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯಲ್ಲಿತ್ತು. ನಮ್ಮ ಪದ್ಧತಿಯಾದ ಪಾಲ್‌ಗೆ ಸರಿಸಿ, 5 ವೋಲ್ಟಿನ ವೈರು ಕಿತ್ತು ಮತ್ತೆ ಹಾಕಿದ ಮೇಲೆ ಬಣ್ಣ ಬಂತು. ಆದರೆ ಅಜ್ಜಿ ಆಟ ನೋಡಬೇಕೆಂದಾಗಲೆಲ್ಲ ಲ್ಯಾಪ್‌ಟಾಪ್ ಯಾರು ತರುತ್ತಾರೆ? ಪೆನ್‌ಡ್ರೈವೇ ಸರಿ.

ಫೈಲನ್ನು ಟಿವಿಯ ಅಳತೆಗೆ ಹೊಲಿಯಬೇಕು. ಪಾಲ್ ಅಂದರೆ ಒಟ್ಟು 625 ಗೆರೆ, ಕಣ್ಣಿಗೆ ಬೀಳುವುದು 576, ಸೆಕೆಂಡಿಗೆ 25 ಫ್ರೇಮ್. ಅವಿಡೆಮಕ್ಸ್ ಅನ್ನುವ ಸಾಫ್ಟ್‌ವೇರಿನಲ್ಲಿ ವಿಡಿಯೋಗೆ ಎಕ್ಸ್‌ವಿಡ್, ಆಡಿಯೋಗೆ ಎಂಪಿ3, ಕೊನೆಗೆ ಎವಿಐ ಆರಿಸಿಕೊಳ್ಳಬೇಕು. ಎಕ್ಸ್‌ವಿಡ್‌ನ ಸೆಟ್ಟಿಂಗಿನಲ್ಲಿರುವ ಕ್ಯೂಪೆಲ್, ಜಿಎಂಸಿ ಎರಡನ್ನೂ ಆಫ್ ಮಾಡಿಬಿಡಿ. ಅವಿದ್ದರೆ ಹಳೇ ಪ್ಲೇಯರು ಮುಗ್ಗರಿಸುತ್ತದೆ. ಅಡ್ಡ ಹಿಡಿದ 16:9 ಚಿತ್ರವನ್ನು 720x432ಕ್ಕೆ ಇಳಿಸಿ, ಮೇಲೆ 72 ಕೆಳಗೆ 72 ಗೆರೆ ಕಪ್ಪು ಪಟ್ಟಿ. ಪಟ್ಟಿಯನ್ನು ಪ್ಲೇಯರೇ ಹಾಕಿಕೊಳ್ಳಲಿ ಅಂತ ಬಿಟ್ಟರೆ ಕೆಲವು ಹಾಕುವುದಿಲ್ಲ, ಭೀಮ ಬಡಕಲಾಗಿ ಉದ್ದ ಕಾಣುತ್ತಾನೆ. ಮೊಬೈಲನ್ನು ನಿಲ್ಲಿಸಿ ಹಿಡಿದಿದ್ದರಂತೂ ಪರದೆಯ ಅಗಲದಲ್ಲಿ ನೂರಕ್ಕೆ 42 ಪಾಲು ಮಾತ್ರ ಚಿತ್ರ, ಮಿಕ್ಕಿದ್ದೆಲ್ಲ ಕತ್ತಲೆ.

ನಿಜವಾದ ಕಿರಿಕಿರಿ ತಾಳದ್ದು. ಮೊಬೈಲು ಸೆಕೆಂಡಿಗೆ 30 ಫ್ರೇಮ್ ಅನ್ನುತ್ತದೆ, ಬೆಳಕು ಕಮ್ಮಿಯಾದರೆ ತಾನೇ ಇಳಿಸುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದ ಕನ್ವರ್ಟರಿನಲ್ಲಿ ಹೊತ್ತು ಹೋದಂತೆ ದನಿ ಜಾರಿ, ಮದ್ದಳೆಯ ಪೆಟ್ಟು ಒಂದು ಕಡೆ, ಹೆಜ್ಜೆ ಇನ್ನೊಂದು ಕಡೆ. ಸಿನಿಮಾದಲ್ಲಿ ಇದನ್ನು ಹೇಗೋ ಸಹಿಸಬಹುದು, ದೊಡ್ಡಾಟದಲ್ಲಿ ಆಗದು. ಅದಕ್ಕೇ ಮೊದಲ ಫಿಲ್ಟರೇ 25 ಫ್ರೇಮಿಗೆ ಮರುಹೊಂದಿಸುವುದು. ಆರಕ್ಕೊಂದು ಫ್ರೇಮ್ ಬಿದ್ದುಹೋಗುತ್ತದೆ. ಕ್ಯಾಮೆರಾ ಹೊರಳಿದಾಗ ಚೂರು ಜರ್ಕ್ ಹೊಡೆಯುತ್ತದೆ, ಅಷ್ಟೇ.

ಚಿತ್ರದ ಬಿಟ್‌ರೇಟ್ 1500 ಕೆಬಿಪಿಎಸ್, ದನಿಗೆ 128 ಇಟ್ಟರೆ ಗಂಟೆಗೆ ಸುಮಾರು 730 ಎಂಬಿ. ಆರು ಗಂಟೆಯ ಆಟ ಒಂದೇ ಫೈಲಾದರೆ ಫ್ಯಾಟ್32ರ 4 ಜಿಬಿ ಮಿತಿ ದಾಟುತ್ತದೆ, ಗಂಟೆಗೊಂದು ತುಂಡು ಮಾಡಿ. ಹೆಸರು ಇಂಗ್ಲಿಷಿನಲ್ಲಿ ಗಿಡ್ಡವಾಗಿರಲಿ. ಕನ್ನಡ ಅಕ್ಷರ ಪ್ಲೇಯರಿನಲ್ಲಿ ಬರೀ ಚೌಕಗಳಾಗುತ್ತವೆ. ಈ ಟಿವಿಗೆ ಎವಿ ತೂತು ಎರಡೇ, ಹಳದಿ ಮತ್ತು ಬಿಳಿ. ಕೆಂಪು ಪಿನ್ನು ಜೋತಾಡಿಕೊಂಡಿದ್ದರೆ ಬಲಗಡೆಯ ದನಿ ಕಳೆದುಹೋಗುತ್ತದೆ, ಹಾಗಾಗಿ ಎರಡನ್ನೂ ಕಲಸಿ ಮೋನೋ ಮಾಡಿಕೊಳ್ಳಬೇಕು.

ಎಲ್ಲ ಸರಿಯಾಯಿತು ಅನ್ನುವಾಗ ಮೊಮ್ಮಗ ಪ್ಲೇಯರಿನ ರಿಮೋಟಿನ ಪಿ-ಸ್ಕ್ಯಾನ್ (ಪ್ರೊಗ್ರೆಸಿವ್ ಸ್ಕ್ಯಾನ್) ಗುಂಡಿ ಒತ್ತಿದ. ದನಿ ಇದೆ, ಪರದೆ ಕಪ್ಪು. ಆ ಗುಂಡಿ ಒತ್ತಿದರೆ ಎಷ್ಟೋ ಪ್ಲೇಯರುಗಳಲ್ಲಿ ಹಳದಿ ಪಿನ್ನಿಗೆ ಚಿತ್ರ ಬರುವುದೇ ನಿಲ್ಲುತ್ತದೆ. ಕೆಲವರು ಇಷ್ಟಕ್ಕೇ ಟಿವಿಯ ಹಿಂಬದಿ ಬಿಚ್ಚಲು ಹೋಗುತ್ತಾರೆ. ಬೇಡ, ಬಣ್ಣದ ಪಿಕ್ಚರ್ ಟ್ಯೂಬಿನಲ್ಲಿ 20 ಸಾವಿರ ವೋಲ್ಟಿಗೂ ಮೇಲೆ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಅದೇ ಗುಂಡಿಯನ್ನು ಇನ್ನೊಮ್ಮೆ ಒತ್ತಿದಾಗ ಆಟ ತಿರುಗಿ ಬಂತು.

ಅಜ್ಜಿ ಹತ್ತು ನಿಮಿಷ ನೋಡಿ ಕೇಳಿದರು: "ಪೇಟಿ ಮಾಸ್ತರು ಎಲ್ಲಿ ಹೋದ್ರಪ್ಪ?"

ಎಡ ಅಂಚಿನಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಹಿಡಿದು ಕೂತಿದ್ದ ಅವರನ್ನು ಟಿವಿಯ ಚೌಕಟ್ಟು ನುಂಗಿತ್ತು. ಡಬ್ಬಾ ಟಿವಿಗಳು ಪ್ರತಿ ಬದಿಯಲ್ಲೂ ನೂರಕ್ಕೆ ಐದರಷ್ಟು ಚಿತ್ರ ತಿನ್ನುತ್ತವೆ. ಚಿತ್ರವನ್ನು 656x392ಕ್ಕೆ ಕುಗ್ಗಿಸಿ, ಪಕ್ಕಗಳಲ್ಲಿ 32, ಮೇಲೆ ಕೆಳಗೆ 92 ಬಿಟ್ಟು ಆರೂ ತುಂಡುಗಳನ್ನು ಮತ್ತೆ ಹಾಕಬೇಕಾಯಿತು. ಈ ಸಲ ಪೇಟಿ ಸಮೇತ ಮಾಸ್ತರು ಕಂಡರು.