ಕಯಾತ್‌ನ ಕೋರ್ಟಿನಲ್ಲಿ ಮಾವನ ಜೊತೆ ಒಂದು ಭಾನುವಾರ

ಮಳೆ ಬಿಡದ ಒಂದು ಭಾನುವಾರ ಫ್ರೆಂಚ್ ನಿರ್ದೇಶಕ ಆಂದ್ರೇ ಕಯಾತ್‌ನ ಎರಡು ಸಿನಿಮಾ ನೋಡಿದೆ. ಜೊತೆಗೆ ಸೋದರಮಾವ ಇದ್ದರು. ಅವರು ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ರಿಟೈರ್ ಆದವರು. ಕಯಾತ್ ಕೂಡ ಸಿನಿಮಾಕ್ಕೆ ಬರುವ ಮೊದಲು ವಕೀಲನೇ. ಅದಕ್ಕೇ ಮಾವನನ್ನು ಒತ್ತಾಯ ಮಾಡಿ ಕೂರಿಸಿದೆ.

ಮೊದಲನೆಯದು 1950ರ 'ಜುಸ್ತೀಸ್ ಎ ಫೆತ್'. ವೆನಿಸ್ ಚಿತ್ರೋತ್ಸವದಲ್ಲಿ ಗೋಲ್ಡನ್ ಲಯನ್ ಪ್ರಶಸ್ತಿ ಗೆದ್ದ ಚಿತ್ರ. ಕ್ಯಾನ್ಸರಿನಿಂದ ನರಳುತ್ತಿದ್ದ ಪ್ರಿಯಕರನನ್ನು ಅವನೇ ಬೇಡಿಕೊಂಡ ಅಂತ ಸಾಯಿಸಿದ ಡಾಕ್ಟರ್ ಎಲ್ಸಾ ಕಟಕಟೆಯಲ್ಲಿದ್ದಾಳೆ. ಆದರೆ ಅವನ ಆಸ್ತಿ ಅವಳಿಗೇ ಬರುತ್ತದೆ, ಅವಳ ಬದುಕಿನಲ್ಲಿ ಇನ್ನೊಬ್ಬನೂ ಇದ್ದಾನೆ. ಕರುಣೆಯೋ, ದುರಾಸೆಯೋ? ಹೇಳಬೇಕಾದವರು ಏಳು ಜನ ಜ್ಯೂರಿಗಳು, ಅಂದರೆ ತೀರ್ಪು ಕೊಡಲು ಆರಿಸಿ ಕೂರಿಸಿದ ಸಾಮಾನ್ಯ ಜನ. ಕಯಾತ್ ಅವರೊಬ್ಬೊಬ್ಬರ ಮನೆಗೂ ನಮ್ಮನ್ನು ಕರೆದೊಯ್ಯುತ್ತಾನೆ. ಒಬ್ಬ ರೈತ. ಅವನು ಕೋರ್ಟಿನಲ್ಲಿ ಕೂತಿರುವಾಗ ಹೆಂಡತಿ ಮನೆ ಆಳಿನ ಜೊತೆ ಇದ್ದಾಳೆ. ಅಂಥವನು ಎಲ್ಸಾಳನ್ನು ಯಾವ ಕಣ್ಣಿನಿಂದ ನೋಡಿಯಾನು?

"ಹೆಂಡತಿಯ ಪ್ರಿಯಕರನನ್ನ ಗುಂಡಿಟ್ಟು ಕೊಂದ ನೌಕಾಪಡೆ ಅಧಿಕಾರಿ ನಾನಾವತಿಯ ಕೇಸಾದ ಮೇಲೆ ನಮ್ಮಲ್ಲಿ ಜ್ಯೂರಿ ನಿಧಾನವಾಗಿ ಹೋಯ್ತು. ಆದ್ರೆ ಜಡ್ಜಿಗೂ ಒಂದು ಮನೆ ಅಂತ ಇರತ್ತಲ್ಲ" ಅಂದರು ಮಾವ.

ಎರಡನೆಯದು 1952ರದ್ದು, 'ನಾವೆಲ್ಲರೂ ಕೊಲೆಗಾರರು' ಅಂತ ಹೆಸರು. ಕೊಳೆಗೇರಿಯಲ್ಲಿ ಬೆಳೆದ ಲ ಗೆನ್ ಅನ್ನೋ ಹುಡುಗನಿಗೆ ಯುದ್ಧಕಾಲದಲ್ಲಿ ಜರ್ಮನ್ನರನ್ನು ಕೊಲ್ಲುವುದನ್ನು ಕಲಿಸುತ್ತಾರೆ. ಯುದ್ಧ ಮುಗಿಯಿತು ಅನ್ನುವುದು ಮಾತ್ರ ಅವನ ತಲೆಗೆ ಇಳಿಯುವುದೇ ಇಲ್ಲ. ಕೊಲ್ಲುತ್ತಲೇ ಹೋಗುತ್ತಾನೆ. ಮರಣದಂಡನೆ ಆಗುತ್ತದೆ.

ಆ ಜೈಲಿನ ದೃಶ್ಯಗಳನ್ನು ನೋಡಲು ಎದೆ ಗಟ್ಟಿಯಿರಬೇಕು. ತಲೆ ಕಡಿಯುವ ಯಂತ್ರ ಗಿಲೊಟಿನ್‌ಗೆ ಯಾರ ಸರದಿ, ಯಾವತ್ತು ಅಂತ ಕೈದಿಗಳಿಗೆ ಮೊದಲೇ ಹೇಳುವುದಿಲ್ಲ. ರಾತ್ರಿಯಿಡೀ ಕಿವಿಗೊಟ್ಟು ಎಚ್ಚರವಾಗಿರುತ್ತಾರೆ. ನಸುಕಿನಲ್ಲಿ ಕಾವಲುಗಾರರು ಬೂಟು ಬಿಚ್ಚಿಟ್ಟು, ಬರೀ ಕಾಲುಚೀಲದಲ್ಲಿ, ಸದ್ದಿಲ್ಲದೆ ಬರುತ್ತಾರೆ. ಫಕ್ಕನೆ ಒಂದು ಬಾಗಿಲು ತೆಗೆದು ಒಬ್ಬನ ಮೇಲೆ ಬೀಳುತ್ತಾರೆ. ಫ್ರಾನ್ಸಿನ ಜೈಲುಗಳಲ್ಲಿ ನಿಜಕ್ಕೂ ಹೀಗೇ ನಡೆಯುತ್ತಿತ್ತು.

"ಸ್ವಲ್ಪ ನಿಲ್ಸು" ಅಂದರು ಮಾವ. ಎದ್ದು ಹೋಗಿ ನೀರು ಕುಡಿದು ಬಂದರು.

ಕಯಾತ್ ಸಿನಿಮಾ ಮಾಡುವುದಿಲ್ಲ, ವಾದ ಮಂಡಿಸುತ್ತಾನೆ ಅಂತ ಆಂದ್ರೇ ಬಜಾನ್‌ನಂಥ ವಿಮರ್ಶಕರು ಆಗಲೇ ದೂರಿದ್ದರು. ಇರಬಹುದು. ಆದರೆ ಆ ಕಾಲುಚೀಲ ತೋರಿಸಲು ಇಂಥ ಹಟಮಾರಿ ವಕೀಲನೇ ಬೇಕಿತ್ತು ಅನ್ನಿಸುತ್ತದೆ ನನಗೆ. ಫ್ರಾನ್ಸ್ ಮರಣದಂಡನೆಯನ್ನು ಕೈಬಿಟ್ಟಿದ್ದು 1981ರಲ್ಲಿ, ಈ ಸಿನಿಮಾ ಬಂದು ಸುಮಾರು ಮೂವತ್ತು ವರ್ಷಗಳಾದ ಮೇಲೆ.

ಲ ಗೆನ್‌ಗೆ ರಾಷ್ಟ್ರಪತಿಯ ಕ್ಷಮೆ ಸಿಕ್ಕಿತಾ ಇಲ್ಲವಾ? ಕಯಾತ್ ಹೇಳುವುದಿಲ್ಲ.

"ಮಾವ, ಅರ್ಜಿ ನಿಮ್ಮ ಮುಂದೆ ಬಂದಿದ್ರೆ?" ಅಂತ ಕೇಳಿದೆ.

"ಅಷ್ಟೊಂದು ಜನರನ್ನ ಕೊಂದಿದ್ದಾನಲ್ಲೋ. ಸತ್ತವರ ಮನೆಯವರಿಗೆ ಏನು ಹೇಳೋದು?"

"ಕೊಲ್ಲೋದು ಕಲಿಸಿದವರಿಗೆ ಯಾವ ಶಿಕ್ಷೆ ಮತ್ತೆ?"

ಊಟಕ್ಕೆ ಕೂತ ಮೇಲೂ ಆ ಜಗಳ ಮುಗಿಯಲಿಲ್ಲ.