ಒಂದೇ ಮತಪಟ್ಟಿಗೆ ಇಬ್ಬರು ವಾರಸುದಾರರು

ರಾಜ್ಯದ ಲೆಕ್ಕದಲ್ಲಿ ಜೆಡಿಎಸ್ ದೊಡ್ಡ ಪಕ್ಷ ಇರಬಹುದು, ನಮ್ಮ ಹಾವೇರಿ ಜಿಲ್ಲೆಯಲ್ಲಿ ಮಾತ್ರ ಚುನಾವಣೆ ಅಂದರೆ ಕಾಂಗ್ರೆಸ್ ಇಲ್ಲವೇ ಬಿಜೆಪಿ. ಎರಡರಲ್ಲಿ ಒಂದು ಒಡೆದರೆ ಏನಾಗುತ್ತದೆ ಅನ್ನೋದನ್ನು 2013ರ ವಿಧಾನಸಭೆ ಚುನಾವಣೆಯಲ್ಲಿ ನಾನು ಮನೆಯೊಳಗೇ ನೋಡಿದೆ.

ಅಪ್ಪ ಮತ್ತು ಕಾಕಾ ಇಬ್ಬರೂ ಬಿಜೆಪಿ ಕಾರ್ಯಕರ್ತರು. 2012ರ ನವೆಂಬರ್ ಕೊನೆಗೆ ಯಡಿಯೂರಪ್ಪ ಪಕ್ಷ ಬಿಟ್ಟರು. ಡಿಸೆಂಬರ್ 9ಕ್ಕೆ ಹಾವೇರಿಯಲ್ಲೇ ಅವರ ಹೊಸ ಪಕ್ಷ ಕೆಜೆಪಿಯ ದೊಡ್ಡ ಸಮಾವೇಶ. ಕಾಕಾ ಹೋದರು, ಅಪ್ಪ ಹೋಗಲಿಲ್ಲ.

ನಿಜವಾದ ಜಗಳ ಶುರುವಾಗಿದ್ದು ಮತಪಟ್ಟಿಗೆ. ಊರಿನ ಮತದಾರರ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಇಬ್ಬರೂ ಕೂಡಿ ಗುರುತು ಹಾಕಿಟ್ಟಿದ್ದರು. ನಮ್ಮವರಿಗೆ ಸರಿ ಗುರುತು, ಕಾಂಗ್ರೆಸ್ ಕಡೆಯವರಿಗೆ ಅಡ್ಡಗೆರೆ, ಹೇಳೋಕಾಗದವರಿಗೆ ಸೊನ್ನೆ. ಯಾರ ಮಗ ಬೆಂಗಳೂರಲ್ಲಿದ್ದಾನೆ, ಯಾರನ್ನು ಮತದಾನದ ದಿನ ಗಾಡಿಯಲ್ಲಿ ಕರೆತರಬೇಕು, ಎಲ್ಲ ಪೆನ್ಸಿಲ್‌ನಲ್ಲಿ ಬರೆದಿತ್ತು. "ಅದರಾಗ ಅರ್ಧ ನನ್ನ ಅಕ್ಷರ ಐತಿ ಅಣ್ಣಾ" ಅಂತ ಕಾಕಾ ಕೇಳಿದರು. ಅಪ್ಪ ಒಂದು ದಿನ ಮಾತೇ ಆಡಲಿಲ್ಲ. ಆಮೇಲೆ ಝೆರಾಕ್ಸ್ ಮಾಡಿಸಿ ಕೊಟ್ಟರು.

ಮುಂದೆ ಆಗಿದ್ದು ಇಷ್ಟು. ಇಬ್ಬರೂ ಸರಿ ಗುರುತಿನ ಮನೆಗಳಿಗೇ ಹೋದರು. ಒಬ್ಬರು ಕಮಲ ಅಂದರು, ಇನ್ನೊಬ್ಬರು ಕೆಜೆಪಿಯ ತೆಂಗಿನಕಾಯಿ ಅಂದರು. ಅಡ್ಡಗೆರೆಯ ಮನೆಗಳ ಕಡೆ ಯಾರೂ ತಲೆ ಹಾಕಲಿಲ್ಲ. ಇಡೀ ಪ್ರಚಾರದ ಶಕ್ತಿ ಪಕ್ಕದವರ ಮತ ಕೀಳೋದಕ್ಕೇ ಖರ್ಚಾಯಿತು. ಪಕ್ಷ ಒಡೆದಾಗ ಆಗುವ ನಿಜವಾದ ನಷ್ಟ ಇದೇ ಅಂತ ನನಗನಿಸುತ್ತದೆ. ಟಿವಿಯಲ್ಲಿ ಶೇಕಡಾವಾರು ಲೆಕ್ಕ ಹೇಳುವವರಿಗೆ ಇದು ಕಾಣುವುದಿಲ್ಲ.

ಆ ಲೆಕ್ಕವನ್ನೂ ನೋಡಬೇಕು, ಬಿಡಿ. 2008ರಲ್ಲಿ ಬಿಜೆಪಿಗೆ ಸುಮಾರು ಶೇ. 34 ಮತ, 110 ಸೀಟು. 2013ರಲ್ಲಿ ಬಿಜೆಪಿಗೆ ಸುಮಾರು ಶೇ. 20, ಕೆಜೆಪಿಗೆ ಶೇ. 10ರ ಹತ್ತಿರ, ಬಿಜೆಪಿಯಿಂದಲೇ ಹೊರಬಂದ ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್‌ಗೆ ಶೇ. 3ರ ಒಳಗೆ. ಮೂರನ್ನೂ ಕೂಡಿಸಿದರೆ ಮತ ಜಾಸ್ತಿ ಕಳೆದುಹೋಗಿಲ್ಲ. ಸೀಟು ಮಾತ್ರ 40, 6, 4. ಕಾಂಗ್ರೆಸ್ ಮತ ಏರಿದ್ದು ಶೇ. 2ರಷ್ಟು, ಸೀಟು 80ರಿಂದ 122ಕ್ಕೆ ಹೋಯಿತು. ಒಡೆದಿದ್ದೊಂದೇ ಕಾರಣ ಅಂತ ನಾನು ಹೇಳಲ್ಲ. ಐದು ವರ್ಷದಲ್ಲಿ ಮೂವರು ಮುಖ್ಯಮಂತ್ರಿಗಳನ್ನು ಕಂಡು ಜನ ಬೇಸತ್ತಿದ್ದರು. ಮೂರೂ ಸೇರಿದ್ದರೂ ಕಾಂಗ್ರೆಸ್ಸಿಗಿಂತ ಮತ ಕಡಿಮೆಯೇ ಇರುತ್ತಿತ್ತು. ಆದರೆ ಸೋಲು ಇಷ್ಟು ದೊಡ್ಡದಾಗುತ್ತಿರಲಿಲ್ಲ.

ಬ್ರಿಟನ್‌ನಲ್ಲೂ ಹೀಗೇ ಆಗಿತ್ತು. 1981ರಲ್ಲಿ ಲೇಬರ್ ಪಕ್ಷದಿಂದ ಹೊರಬಂದ ನಾಯಕರು ಎಸ್‌ಡಿಪಿ ಅನ್ನೋ ಹೊಸ ಪಕ್ಷ ಕಟ್ಟಿ ಲಿಬರಲ್ ಪಕ್ಷದ ಜೊತೆ ಕೂಡಿದರು. 1983ರ ಚುನಾವಣೆಯಲ್ಲಿ ಅವರ ಮೈತ್ರಿಕೂಟಕ್ಕೆ ಶೇ. 25 ಮತ ಬಂತು, ಸೀಟು ಬರೀ 23. ಲೇಬರ್‌ಗೆ ಸಿಕ್ಕಿದ್ದು ಶೇ. 28ರ ಹತ್ತಿರ, ಸೀಟು 209. ಎಲ್ಲ ಕಡೆ ಸ್ವಲ್ಪ ಸ್ವಲ್ಪ ಮತ ಇದ್ದರೆ ಎಲ್ಲಿಯೂ ಗೆಲ್ಲಲ್ಲ. ಲೇಬರ್‌ನ ಮತ ಕಾರ್ಖಾನೆ, ಗಣಿ ಊರುಗಳಲ್ಲಿ ಒತ್ತಾಗಿ ಇದ್ದವು. ಆಗಿನ ಪ್ರಧಾನಿ ಥ್ಯಾಚರ್ ಅವರ ಕನ್ಸರ್ವೇಟಿವ್ ಪಕ್ಷದ ಮತ ಹಿಂದಿನ ಸಲಕ್ಕಿಂತ ಇಳಿದಿತ್ತು, ಆದರೂ ಸೀಟು 339ರಿಂದ 397ಕ್ಕೆ ಏರಿತು.

ನಮ್ಮ ಜಿಲ್ಲೆಯ ಆರು ಕ್ಷೇತ್ರಗಳಲ್ಲಿ 2008ರಲ್ಲಿ ಐದು ಬಿಜೆಪಿಯವು. 2013ರಲ್ಲಿ ಶಿಗ್ಗಾಂವಿ ಬಿಜೆಪಿಗೆ ಉಳಿಯಿತು, ಹಿರೇಕೆರೂರು ಕೆಜೆಪಿಗೆ ಬಂತು, ಉಳಿದ ನಾಲ್ಕೂ ಕಾಂಗ್ರೆಸ್ಸಿಗೆ. ಅಪ್ಪ, ಕಾಕಾ ಇಬ್ಬರ ಅಭ್ಯರ್ಥಿಗಳೂ ಸೋತರು. ನಮ್ಮ ಬೂತಿನಲ್ಲಿ ಇಬ್ಬರ ಮತ ಕೂಡಿಸಿದರೆ ಗೆದ್ದವರಿಗಿಂತ ಜಾಸ್ತಿ ಇತ್ತು. ಅವ್ವ ಅದನ್ನು ಕೂಡಿಸಿ ತೋರಿಸಿದಾಗ ಇಬ್ಬರೂ ಸುಮ್ಮನೆ ಎದ್ದು ಹೊರಗೆ ಹೋದರು.

2014ರ ಜನವರಿಯಲ್ಲಿ ಯಡಿಯೂರಪ್ಪ ವಾಪಸ್ ಬಂದರು. ಅದೇ ವರ್ಷ ಲೋಕಸಭೆಯಲ್ಲಿ ಬಿಜೆಪಿ 28ರಲ್ಲಿ 17 ಗೆದ್ದಿತು. 2018ಕ್ಕೆ ಹಾವೇರಿ, ಬ್ಯಾಡಗಿ, ಹಾನಗಲ್ ಮೂರೂ ಮರಳಿ ಬಂದವು. ಮೇಲಿನವರು ಒಂದೇ ವರ್ಷದಲ್ಲಿ ಕೂಡಿಕೊಂಡರು. ನಮ್ಮೂರಲ್ಲಿ ಅಷ್ಟು ಬೇಗ ಆಗಲಿಲ್ಲ. ಬಿಟ್ಟು ಹೋಗದವರು "ಕಷ್ಟಕಾಲದಾಗ ಇದ್ದವ್ರು ನಾವು" ಅಂದರು, ಹೋಗಿ ಬಂದವರು "ನಮ್ಮ ನಾಯಕರಿಂದಾನೇ ಪಕ್ಷ" ಅಂದರು. ಗ್ರಾಮ ಪಂಚಾಯಿತಿಗೆ ಯಾರನ್ನು ನಿಲ್ಲಿಸಬೇಕು ಅನ್ನೋ ಮಾತು ಬಂದಾಗಲೆಲ್ಲ ಕಾಕಾನ ಹೆಸರನ್ನು ತಡೆದವರು ಅವರ ಹಳೆಯ ಗೆಳೆಯರೇ. ಕಾಕಾನ ಪರವಾಗಿ ಅಪ್ಪ ಮಾತಾಡಲು ಇನ್ನೊಂದು ಚುನಾವಣೆ ಬರಬೇಕಾಯಿತು.