ತ್ಸೌಗ್ ಹೆಸರು ಹುಡುಕುತ್ತಾ ಸಿಗ್ನೌಗೆ

ಪೆನ್ಸಿಲ್ವೇನಿಯಾದ ನನ್ನ ಗೆಳತಿಯ ತವರಿನ ಅಡ್ಡಹೆಸರು ಝೂಕ್. 1742ರಲ್ಲಿ ‘ಫ್ರಾನ್ಸಿಸ್ ಅಂಡ್ ಎಲಿಜಬೆತ್’ ಹಡಗಿನಲ್ಲಿ ಫಿಲಡೆಲ್ಫಿಯಾಕ್ಕೆ ಬಂದಿಳಿದ ಮೋರಿಟ್ಸ್ ತ್ಸುಗ್ ತಮ್ಮ ವಂಶದ ಮೂಲಪುರುಷ ಅನ್ನುತ್ತಾಳೆ. ಸ್ವಿಟ್ಜರ್ಲೆಂಡಿನಲ್ಲಿ ಅದೇ ಹೆಸರು ತ್ಸೌಗ್. ಊರು ಬರ್ನ್ ಪ್ರಾಂತ್ಯದ ಸಿಗ್ನೌ ಅಂತ ಅವಳಜ್ಜಿ ಹೇಳ್ತಿದ್ದರಂತೆ. ಅಷ್ಟು ಹಿಡಿದುಕೊಂಡು ಹೊರಟೆವು.

ಬರ್ನ್‌ನಲ್ಲಿ ಎರಡು ದಿನ ದಂಡ. ಒಂದು ಕಚೇರಿಯಲ್ಲಿ ಕಾದೂ ಕಾದೂ ಸುಸ್ತಾದ ಮೇಲೆ ಗೊತ್ತಾಗಿದ್ದು, ಹಳೆಯ ಚರ್ಚ್ ಪುಸ್ತಕಗಳೆಲ್ಲ ನೆಟ್‌ನಲ್ಲೇ ಇವೆ, ಪುಕ್ಕಟೆ! ಹೋಗುವವರು ಅದನ್ನು ಮನೆಯಲ್ಲೇ ನೋಡಿಕೊಳ್ಳಿ. ಹಳೆಯ ಜರ್ಮನ್ ಕೈಬರಹವನ್ನೂ ಸ್ವಲ್ಪ ಕಲಿತಿರಿ. ನನಗಂತೂ ಎಲ್ಲ ಅಕ್ಷರವೂ ಬೇಲಿಗೂಟದ ಹಾಗೆ ಕಂಡವು.

ಸಿಗ್ನೌ ಚರ್ಚಿನ ಅಂಗಳದಲ್ಲಿ ಗೋರಿಗಳಿದ್ದವು. ಆದರೆ ಎಲ್ಲವೂ ಹೊಸವು. ಗೆಳತಿಯ ಮುಖ ಸಣ್ಣದಾಯಿತು. ಹೂಗಿಡಕ್ಕೆ ನೀರು ಹಾಕುತ್ತಿದ್ದ ಅಜ್ಜಿಯನ್ನು ಕೇಳಿದೆವು.

“ಇಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷ ಆದ ಮೇಲೆ ಗೋರಿ ತೆಗೆದುಬಿಡ್ತಾರೆ. ಮುನ್ನೂರು ವರ್ಷದ್ದು ಎಲ್ಲಿ ಬರಬೇಕು?” ಅಂದರು.

“ಹಾಗಾದರೆ ದೀಕ್ಷಾಸ್ನಾನದ ಪುಸ್ತಕ?”

“ನಿಮ್ಮವರು ಟಾಯ್ಫರ್‌ಗಳಲ್ವಾ?”

ಹೌದು ಅಂದಳು ಗೆಳತಿ. ಟಾಯ್ಫರ್ ಅಂದರೆ ದೊಡ್ಡವರಾದ ಮೇಲೆಯೇ ದೀಕ್ಷಾಸ್ನಾನ ಅನ್ನುವ ಕ್ರೈಸ್ತ ಪಂಥದವರು, ಅನಾಬ್ಯಾಪ್ಟಿಸ್ಟರು. ಅಜ್ಜಿ ನೀರಿನ ಡಬ್ಬಿ ಕೆಳಗಿಟ್ಟರು. “ಮಗುವಿಗೆ ದೀಕ್ಷಾಸ್ನಾನ ಬೇಡ ಅಂದವರ ಹೆಸರನ್ನು ಅದರಲ್ಲಿ ಹುಡುಕ್ತೀರಲ್ಲ! ದಂಡ ಹಾಕಿದ ಲೆಕ್ಕ ನೋಡಿ. ಜೈಲಿನ ಲೆಕ್ಕ ನೋಡಿ. ಆಸ್ತಿ ಕಿತ್ತುಕೊಂಡದ್ದನ್ನು ಸರ್ಕಾರ ಚೆನ್ನಾಗಿ ಬರೆದಿಟ್ಟಿರುತ್ತೆ.”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಬರ್ನ್ ಸರ್ಕಾರ ಈ ಜನರನ್ನು ಹಿಡಿಯಲೆಂದೇ 1659ರಲ್ಲಿ ಒಂದು ಇಲಾಖೆ ಮಾಡಿತ್ತು. 1671ರಲ್ಲಿ ಸುಮಾರು 700 ಮಂದಿ ಊರು ಬಿಟ್ಟು ರೈನ್ ನದಿಯ ಪ್ಯಾಲಟಿನೇಟ್ ಸೀಮೆಗೆ ಹೋದರು. ಇದೆಲ್ಲ ಓದಿದ್ದೆವು. ಆದರೂ ಹುಡುಕಿದ್ದು ಮಾತ್ರ ಚರ್ಚ್ ಪುಸ್ತಕದಲ್ಲಿ.

ನಡುವೆ ಎಮ್ಮೆಂಟಾಲ್ ಚೀಸ್ ತಿಂದೆ. ಅಷ್ಟೊಂದು ಹೆಸರಿದ್ದರೂ ನನಗೆ ಸಪ್ಪೆ. ಮೊಟ್ಟೆಯ ಬಿಳಿ, ಸಕ್ಕರೆಯಿಂದ ಮಾಡಿ ಕೆನೆ ಹಾಕಿದ ಮೆರಿಂಗ್ ಮಾತ್ರ ಇನ್ನೊಂದು ಕೇಳಿ ತಿಂದೆ.

ಮರುದಿನ ಟ್ರಾಕ್ಸೆಲ್ವಾಲ್ಡ್ ಕೋಟೆ. ಟಾಯ್ಫರ್‌ಗಳನ್ನು ಕೂಡಿಹಾಕುತ್ತಿದ್ದುದು ಇಲ್ಲೇ. 1653ರ ರೈತ ದಂಗೆಯ ನಾಯಕ ನಿಕ್ಲಾಸ್ ಲಾಯೆನ್‌ಬರ್ಗರ್ ಕೂಡ ಇಲ್ಲೇ ಸೆರೆಯಲ್ಲಿದ್ದ. ಗೋಪುರದ ದಪ್ಪ ಗೋಡೆಯೊಳಗೆ ಇಕ್ಕಟ್ಟಾದ ಕೋಣೆಗಳು. ಗೆಳತಿ ಒಂದರೊಳಗೆ ಹೋಗಿ ಹಲಗೆ ಬಡಿದು ನೋಡಿದಳು. ಆಮೇಲೆ ಅಲ್ಲೇ ಕೂತಳು. ಹತ್ತು ನಿಮಿಷ ಮಾತಿಲ್ಲ.

“ಇಲ್ಲಾದರೂ ನಮ್ಮ ಹೆಸರು ಬರೆದುಕೊಂಡಿರ್ತಾರೆ, ಅಲ್ವಾ?” ಅಂದಳು.

ಕೆಳಗಿಳಿದಾಗ ಬಸ್ ಹೋಗಿಬಿಟ್ಟಿತ್ತು. ಸುಮಿಸ್ವಾಲ್ಡ್‌ವರೆಗೂ ನಡೆದೆವು. ದಾರಿಯುದ್ದಕ್ಕೂ ಅವಳು ಫೋನಿನಲ್ಲಿ ದಂಡದ ಲೆಕ್ಕ ಹುಡುಕುತ್ತಲೇ ಇದ್ದಳು.